ಕಾವೇರಿಯ ಬಂಡೆ, ಬಿಳಿಮೀನಿನ ಗಂಟಲು: ಗಾಳದ ತುದಿಯ ಜೋಡಣೆ ಕುರಿತು ಒಂದು ಟಿಪ್ಪಣಿ

ಕಾವೇರಿಯ ಮಹಸೀರ್ ಮೀನಿನ ಬಗ್ಗೆ, ಅಂದರೆ ನದಿದಂಡೆಯವರು ಬಿಳಿಮೀನು ಎನ್ನುವ ಮೀನಿನ ಬಗ್ಗೆ, ಹವ್ಯಾಸಿ ಬೇಟೆಗಾರರು ಬರೆದದ್ದು ಕಡಿಮೆಯೇನಲ್ಲ. ಆ ಬರಹದ ಹೆಚ್ಚಿನ ಪಾಲು ಮೀನಿನ ತೂಕಕ್ಕೂ ಹಿಡಿದವರ ಸಾಹಸಕ್ಕೂ ಮೀಸಲಾಗಿದೆ. ದಾರದ ಕೊನೆಯ ಒಂದೆರಡು ಮಾರಿನಲ್ಲಿ ಎಂಥ ಗಾಳವಿತ್ತು, ಎಷ್ಟು ಸೀಸವಿತ್ತು, ಸೀಸವನ್ನು ಕಟ್ಟಿದ್ದು ಹೇಗೆ, ಎರೆ ಯಾವುದು ಎಂಬ ವಿವರಗಳು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಚದುರಿ ಬಿದ್ದಿವೆ. ಈ ಟಿಪ್ಪಣಿಯ ವ್ಯಾಪ್ತಿ ಆ ಒಂದೆರಡು ಮಾರಿಗೆ ಸೀಮಿತ. ನನ್ನ ವಾದ ಇಷ್ಟು: ಶಿವನಸಮುದ್ರದಿಂದ ಕೆಳಗೆ ಮೇಕೆದಾಟಿನವರೆಗಿನ ಹರಿವಿನಲ್ಲಿ ಗಾಳದ ಜೋಡಣೆಯನ್ನು ತೀರ್ಮಾನಿಸಿದ್ದು ಮೊದಲು ತಳದ ಬಂಡೆ, ಆಮೇಲೆ ಮೀನಿನ ಗಂಟಲು. ಕೃತಕ ಎರೆಯ ಬಣ್ಣ, ಹೊಳಪುಗಳದ್ದು ಮೂರನೆಯ ಸ್ಥಾನ. ಅಂಗಡಿಗಳ ಪಟ್ಟಿಯಲ್ಲಿ ಈ ಅನುಕ್ರಮ ತಲೆಕೆಳಗಾಗಿರುತ್ತದೆ. ಅದಕ್ಕೆ ಕಾರಣ ವ್ಯಾಪಾರ. ನದಿಗೂ ಅದಕ್ಕೂ ಸಂಬಂಧವಿಲ್ಲ.

ಎರೆಯ ವಿಚಾರವನ್ನು ಶಾಸ್ತ್ರವಾಗಿ ಬರೆಯುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಸಂಸ್ಕೃತ ವಿಶ್ವಕೋಶ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ಮತ್ಸ್ಯವಿನೋದಕ್ಕೂ ಒಂದು ಅಧ್ಯಾಯವಿದೆ. ಮೀನುಗಳನ್ನು ಸಮುದ್ರದವು, ನದಿಯವು ಎಂದೂ, ಶಲ್ಕವುಳ್ಳವು, ಇಲ್ಲದವು ಎಂದೂ ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಎಂದು ಅದು ಹೇಳುತ್ತದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1950ರ ದಶಕದ ಆರಂಭದಲ್ಲಿ ಇದರ ಮೇಲೆ ಬರೆದ ನಂತರವೇ ಪ್ರಾಣಿಶಾಸ್ತ್ರದವರು ಇತ್ತ ತಿರುಗಿ ನೋಡಿದ್ದು. ಮೊದಲು ಮೀನಿನ ಊಟವನ್ನು ಗಮನಿಸಿ, ಆಮೇಲೆ ಅದನ್ನು ಹಿಡಿಯುವ ಮಾತಿಗೆ ಬರುವ ಆ ಕ್ರಮ ನನಗೆ ಸರಿಯೆನಿಸುತ್ತದೆ.

ಮುಂದಿನ ಮುಖ್ಯ ಆಕರ ಸಿಗುವುದು ಮಂಗಳೂರಿನಲ್ಲಿ. ಮದ್ರಾಸ್ ಸಿವಿಲ್ ಸರ್ವಿಸ್‌ನ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಅಲ್ಲೇ. ಮುಂದಿನ ಆವೃತ್ತಿಗಳು 1881ರಲ್ಲಿ, 1897ರಲ್ಲಿ ಲಂಡನ್ನಿನಿಂದ ಬಂದವು. ಥಾಮಸ್ ಸ್ಪೂನಿನ ಪಕ್ಷಪಾತಿ. ಚಮಚದ ಬಟ್ಟಲಿನಂತೆ ಬಗ್ಗಿದ ಲೋಹದ ತಗಡಿಗೆ ಗಾಳ ಸಿಕ್ಕಿಸಿದ ಈ ಹುಸಿ ಎರೆಗೆ ಅಮೆರಿಕದ ಜೂಲಿಯೋ ಬ್ಯೂಯಲ್ 1852ರಲ್ಲಷ್ಟೇ ಪೇಟೆಂಟ್ ಪಡೆದಿದ್ದ. ಎರಡು ದಶಕದೊಳಗೆ ಅದು ಪಶ್ಚಿಮ ಘಟ್ಟದ ಹೊಳೆಗಳನ್ನು ಮುಟ್ಟಿತ್ತು. ಥಾಮಸ್ ಅದನ್ನು ಕುಗ್ಗಿಸಿ, ಹಗುರ ಕೋಲಿನಿಂದಲೂ ಎಸೆಯಬಲ್ಲ ಪುಟಾಣಿ ಸ್ಪೂನನ್ನು ಬಳಕೆಗೆ ತಂದ. ಘಟ್ಟದ ಕೆಳಗಿನ ಹೊಳೆಗಳ ತಿಳಿನೀರು, ಮರಳು ಮತ್ತು ಗುಂಡುಕಲ್ಲಿನ ತಳ, ಮಧ್ಯಮ ಗಾತ್ರದ ಮೀನು, ಈ ಮೂರಕ್ಕೂ ಅದು ಒಪ್ಪಿತು.

ಕಾವೇರಿಯ ಮಡುಗಳ ಸ್ಥಿತಿ ಬೇರೆ. ಇಲ್ಲಿ ತಳವೆಂದರೆ ಸೀಳುಬಿಟ್ಟ ಹೆಬ್ಬಂಡೆಗಳು. ರಭಸದ ನೀರು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗಿ, ಆಳದ ಮಡುವಿಗೆ ಬಿದ್ದು, ಪಕ್ಕದಲ್ಲಿ ಸುಳಿದು ಹಿಂದಕ್ಕೆ ತಿರುಗುತ್ತದೆ. ದೊಡ್ಡ ಮೀನು ಕಾಯುವುದು ರಭಸವೂ ನಿಧಾನವೂ ಕೂಡುವ ಆ ಗಡಿಯಲ್ಲಿ. ಎರೆ ಅಲ್ಲಿಗೆ ಇಳಿಯಬೇಕು, ಅಲ್ಲೇ ನಿಲ್ಲಬೇಕು, ಮೀನು ಸಿಗದಿದ್ದರೆ ವಾಪಸ್ ಬರಬೇಕು. ಮೂರನೆಯದೇ ಕಷ್ಟ.

ಸೀಸವನ್ನೇ ಏಕೆ ಬಳಸುತ್ತಾರೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ನೀರಿಗಿಂತ ಸೀಸ ಸುಮಾರು 11.3 ಪಟ್ಟು ಸಾಂದ್ರ, ಗ್ರಾನೈಟ್ ಕಲ್ಲು ಸುಮಾರು 2.65 ಪಟ್ಟು. ಮುಳುಗಿದ ವಸ್ತು ತಾನು ಪಕ್ಕಕ್ಕೆ ಸರಿಸಿದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದೆ. ಆದ್ದರಿಂದ ಸೀಸದ ಗುಂಡು ನೀರಿನಲ್ಲಿ ನೂರಕ್ಕೆ ಒಂಬತ್ತರಷ್ಟು ಹಗುರಾದರೆ, ಕಲ್ಲು ನೂರಕ್ಕೆ 38ರಷ್ಟು ಹಗುರಾಗುತ್ತದೆ. ನೀರಿನೊಳಗೆ 100 ಗ್ರಾಂ ತೂಗಬೇಕೆಂದರೆ ದಡದ ಮೇಲೆ 110 ಗ್ರಾಂ ಸೀಸ ಸಾಕು. ಕಲ್ಲಾದರೆ 160 ಗ್ರಾಂ ಬೇಕು. ತೂಕಕ್ಕಿಂತ ಗಾತ್ರದ ವ್ಯತ್ಯಾಸ ದೊಡ್ಡದು. ಆ ಸೀಸ ಹತ್ತು ಘನ ಸೆಂಟಿಮೀಟರಿಗಿಂತ ತುಸು ಕಡಿಮೆ ಜಾಗ ಹಿಡಿದರೆ ಕಲ್ಲು ಅರವತ್ತನ್ನು ಹಿಡಿಯುತ್ತದೆ. ಹರಿವಿಗೆ ಎದುರಾಗುವ ಮುಖ ಮೂರು ಪಟ್ಟಿಗಿಂತ ಹೆಚ್ಚು. ಕಲ್ಲು ಕಟ್ಟಿದ ಎರೆ ಉರುಳಿ ಹೋಗುವುದಕ್ಕೆ ಇದೇ ಕಾರಣ. ಕಬ್ಬಿಣ ಇವೆರಡರ ನಡುವೆ ನಿಲ್ಲುತ್ತದೆ. ಈಗ ಬರುವ ಟಂಗ್‌ಸ್ಟನ್ ಸೀಸಕ್ಕಿಂತಲೂ ಮೇಲು, ಆದರೆ ಬೆಲೆ ನೋಡಿದರೆ ಬಂಡೆಗೆ ಬಲಿ ಕೊಡುವ ವಸ್ತುವಲ್ಲ.

ಇಷ್ಟಾದರೂ ಹರಿವಿನಲ್ಲಿ ಎರೆ ನಿಲ್ಲದಿದ್ದರೆ ಇನ್ನೂ ಸೀಸ ಸೇರಿಸುವುದು ಎಲ್ಲರ ಅಭ್ಯಾಸ. ಲೆಕ್ಕ ಮಾತ್ರ ಬೇರೆ ಕಡೆ ಬೊಟ್ಟು ಮಾಡುತ್ತದೆ. ಅದೇ 110 ಗ್ರಾಂ ಸೀಸದ ಗುಂಡು ಹರಿವಿಗೆ ಒಡ್ಡುವ ಮುಖ ಐದೂವರೆ ಚದರ ಸೆಂಟಿಮೀಟರ್. ಅರ್ಧ ಮಿಲಿಮೀಟರ್ ದಪ್ಪದ ನೈಲಾನ್ ದಾರ 40 ಮೀಟರ್ ನೀರಿನೊಳಗಿದ್ದರೆ ಅದು ಒಡ್ಡುವ ಮುಖ 200 ಚದರ ಸೆಂಟಿಮೀಟರ್. ದಾರ ಹರಿವಿಗೆ ಅಡ್ಡವಾಗಿರದೆ ಓರೆಯಾಗಿರುವುದರಿಂದ ಎಳೆತ ಅಷ್ಟೇ ಪ್ರಮಾಣದಲ್ಲಿ ಇರುವುದಿಲ್ಲ, ನಿಜ. ಆದರೂ ಎರೆಯನ್ನು ಜಾಗದಿಂದ ಕೀಳುವುದು ಬಹುಪಾಲು ದಾರವೇ, ಗುಂಡಲ್ಲ. ಮೇಲಾಗಿ ಹರಿವಿನ ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿಯಾಗುತ್ತದೆ. ಹಾಗಾಗಿ ಸೀಸ ಸೇರಿಸುವ ಮೊದಲು ದಾರವನ್ನು ತೆಳುವಾಗಿಸಬೇಕು, ಕೋಲನ್ನು ಎತ್ತಿ ಹಿಡಿದು ದಾರದ ಆದಷ್ಟು ಭಾಗವನ್ನು ನೀರಿನಿಂದ ಹೊರಗಿಡಬೇಕು, ಸಾಧ್ಯವಾದರೆ ಹರಿಗೋಲಿನಲ್ಲಿ ಹತ್ತಿರ ಹೋಗಬೇಕು.

ಸೀಸ ಕಟ್ಟುವ ರೀತಿಯ ವಿಷಯದಲ್ಲಿ ಬೇಟೆಗಾರರ ಜೊತೆಗಿರುತ್ತಿದ್ದ ಕಾವೇರಿಯ ಸ್ಥಳೀಯ ಸಹಾಯಕರು ಪುಸ್ತಕಗಳಿಗಿಂತ ಮುಂದಿದ್ದರು ಎಂದು ಹೇಳಲು ಹಿಂಜರಿಯಬೇಕಿಲ್ಲ. ಪುಸ್ತಕದ ಪದ್ಧತಿಯಲ್ಲಿ ನಡುವೆ ತೂತಿರುವ ಗುಂಡಿನೊಳಗೆ ದಾರ ಸರಾಗವಾಗಿ ಹರಿಯುತ್ತದೆ. ಮೀನು ಎರೆ ಎಳೆದಾಗ ಸೀಸದ ಭಾರ ಅದರ ಅರಿವಿಗೆ ಬರುವುದಿಲ್ಲ. ಮರಳು ತಳದಲ್ಲಿ ಇದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ಕಾವೇರಿಯ ಬಂಡೆಯ ಸೀಳಿನಲ್ಲಿ ಗುಂಡು ಸಿಕ್ಕಿಕೊಂಡರೆ ಬರುವುದಿಲ್ಲ. ಗುಂಡಿನ ಜೊತೆ ಗಾಳ, ಕೆಲವೊಮ್ಮೆ ಮೀನು, ಎಲ್ಲವೂ ಹೋಗುತ್ತವೆ. ಇಲ್ಲಿ ರೂಢಿಯಾದದ್ದು ಮೆದು ಸೀಸದ ಪಟ್ಟಿಯನ್ನು ಗಾಳಕ್ಕಿಂತ ಸ್ವಲ್ಪ ಮೇಲೆ ದಾರಕ್ಕೇ ಸುತ್ತುವ ಪದ್ಧತಿ. ಉದ್ದನೆಯ, ಸಣಕಲು ಸೀಸ ಸೀಳಿಗೆ ಸಿಗುವುದೇ ಕಡಿಮೆ. ಸಿಕ್ಕರೂ ಬಲವಾಗಿ ಎಳೆದಾಗ ಸುತ್ತು ಸಡಿಲಿ ಜಾರುತ್ತದೆ. ಸೀಸ ಹೋಗಿ ಗಾಳ ಉಳಿಯುತ್ತದೆ. ಹರಿವು ನೋಡಿ ಸ್ಥಳದಲ್ಲೇ ಎರಡು ಸುತ್ತು ಬಿಚ್ಚಬಹುದು, ಎರಡು ಸೇರಿಸಬಹುದು. ಸೀಸವನ್ನು ಮುಖ್ಯ ದಾರಕ್ಕಿಂತ ದುರ್ಬಲವಾದ ತುಂಡುದಾರದಲ್ಲಿ ಪಕ್ಕಕ್ಕೆ ಇಳಿಬಿಡುವ ಇನ್ನೊಂದು ವಿಧಾನವೂ ಇದೆ. ಸಿಕ್ಕಾಗ ಆ ತುಂಡು ಮಾತ್ರ ಕಡಿಯುತ್ತದೆ. ತತ್ತ್ವ ಎರಡರಲ್ಲೂ ಒಂದೇ: ಕಳೆದುಹೋಗಬೇಕಾದದ್ದನ್ನು ಮೊದಲೇ ನಿರ್ಧರಿಸಿಡುವುದು.

ಇದರ ಇನ್ನೊಂದು ಮಗ್ಗುಲನ್ನೂ ದಾಖಲಿಸಬೇಕು. ಹೀಗೆ ಜಾರಿದ ಸೀಸವೆಲ್ಲ ನದಿಯ ತಳದಲ್ಲೇ ಉಳಿಯುತ್ತದೆ, ಮತ್ತು ಸೀಸ ವಿಷ. ಸಣ್ಣ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿವೆಯೆಂದು ಬ್ರಿಟನ್ 1987ರಿಂದ ಸುಮಾರು 28 ಗ್ರಾಂವರೆಗಿನ ಬಹುತೇಕ ಸೀಸದ ತೂಕಗಳ ಮಾರಾಟವನ್ನು ನಿಲ್ಲಿಸಿತು. ಕೊಕ್ಕಿನಿಂದ ಕೆಸರು ಕೆದಕಿ ಮೇಯುವ ಹಕ್ಕಿಗಳಿರುವ ನಮ್ಮ ಕೆರೆಗಳಲ್ಲಿ ಈ ಅಪಾಯ ಇನ್ನೂ ಹತ್ತಿರದ್ದು. ಕೆರೆಯ ನಿಂತ ನೀರಿಗೆ ಸೀಸ ಅಗತ್ಯವೂ ಅಲ್ಲ. ಅಲ್ಲಿ ಬೆಂಡು ನೆಟ್ಟಗೆ ನಿಲ್ಲುವಷ್ಟು ಭಾರ ಸಾಕು, ಅದಕ್ಕೆ ಹಿತ್ತಾಳೆ ಅಥವಾ ಕಬ್ಬಿಣವಾದರೂ ನಡೆಯುತ್ತದೆ.

ಇನ್ನು ಗಂಟಲಿನ ವಿಚಾರ. ಕೊರವನಿಗೂ ಬಾಳೆಮೀನಿಗೂ ದವಡೆಯಲ್ಲಿ ಹಲ್ಲಿದೆ. ಆ ಮೀನುಗಳಿಗೆ ಗಾಳ ಹಾಕುವವರು ದಾರ ಕಡಿಯದಂತೆ ಗಾಳದ ಮೇಲೆ ಒಂದು ಗೇಣು ಉಕ್ಕಿನ ತಂತಿ ಕಟ್ಟುತ್ತಾರೆ. ಮಹಸೀರ್‌ಗೆ ದವಡೆಯಲ್ಲಿ ಹಲ್ಲೇ ಇಲ್ಲ. ತುಟಿ ದಪ್ಪ, ಬಾಯಿಯ ಒಳಭಾಗ ಹದ ಮಾಡಿದ ತೊಗಲಿನಷ್ಟು ಗಟ್ಟಿ. ಗೆಂಡೆ ಜಾತಿಯ ಮೀನುಗಳಿಗೆಲ್ಲ ಇರುವಂತೆ ಇದರ ಹಲ್ಲು ಇರುವುದು ಗಂಟಲಿನಲ್ಲಿ, ಮೂರು ಸಾಲುಗಳಾಗಿ. ತಲೆಬುರುಡೆಯ ಬುಡದ ಗಡಸು ದಿಂಬಿಗೆ ಒತ್ತಿ ಏಡಿಯ ಚಿಪ್ಪನ್ನೂ ಬಸವನಹುಳುವಿನ ಕವಚವನ್ನೂ ಪುಡಿ ಮಾಡುವ ಶಕ್ತಿ ಅವಕ್ಕಿದೆ. ಮಹಸೀರ್ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುವ ದೂರು ಇದರಿಂದಲೇ ಹುಟ್ಟಿದ್ದು: ಚಪ್ಪಟೆಯಾದ ಸ್ಪೂನು, ಒಂದಕ್ಕೊಂದು ಅಂಟಿದಂತೆ ಹಿಸುಕಿಹೋದ ಮೂರು ಮುಳ್ಳಿನ ಗಾಳ.

ಇದರಿಂದ ಗಾಳದ ಆಯ್ಕೆಗೆ ಎರಡು ತೀರ್ಮಾನ ಹೊರಡುತ್ತವೆ. ಒಂದು, ಲೋಹದ ಹದ. ತೀರ ಗಡಸಾದ ಗಾಳ ಆ ಒತ್ತಡದಲ್ಲಿ ಮುರಿಯುತ್ತದೆ, ಮೆದುವಾದದ್ದು ನೆಟ್ಟಗಾಗುತ್ತದೆ. ಸೂಜಿಗೂ ಗಾಳಕ್ಕೂ ಹೆಸರಾದ ಇಂಗ್ಲೆಂಡಿನ ರೆಡಿಚ್ ಊರಿನ ಸರಕು ಒಂದು ಕಾಲಕ್ಕೆ ಇಲ್ಲಿ ಬರುತ್ತಿತ್ತು. 1877ರಿಂದ ಗಾಳ ತಯಾರಿಸುತ್ತಿರುವ ನಾರ್ವೆಯ ಮಸ್ಟಾಡ್ ಇಂದು ನಮ್ಮ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ತಂತಿ ದಪ್ಪವಿರುವ, ಬೆಸುಗೆಯಿಲ್ಲದೆ ಹೊಡೆದು ಮಾಡಿದ ಗಾಳವನ್ನು ಆರಿಸಬೇಕು. ಇನ್ನೊಂದು, ಮುಳ್ಳಿನ ಸಂಖ್ಯೆ. ಮೂರು ಮುಳ್ಳಿನ ಗಾಳದಲ್ಲಿ ಒಂದೊಂದು ಮುಳ್ಳೂ ತೆಳು, ಮತ್ತು ಮೂರೂ ಒಂದರ ಮೇಲೊಂದು ಒತ್ತುತ್ತವೆ. ಅದೇ ತೂಕದ ಒಂಟಿ ಗಾಳ ಬಲವಾದದ್ದು. ಹಿಡಿದ ಮೀನನ್ನು ಬಿಡುವವರಿಗೂ ಒಂಟಿ ಗಾಳವೇ ಸರಿ: ಬಿಡಿಸಲು ಬೇಗ, ಕಿವಿರಿಗೆ ಗಾಯ ಕಡಿಮೆ. ಮೊನೆಯ ಹಿಂದಿನ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿದರೆ ಇನ್ನೂ ಸುಲಭ, ದಾರ ಸಡಿಲ ಬಿಡದಿದ್ದರೆ ಸಾಕು.

ಗಾತ್ರದ ಸಂಖ್ಯೆಗಳು ಹೊಸಬರಿಗೆ ಗೊಂದಲ ತರುತ್ತವೆ. ಒಂದರಿಂದ ಮುಂದೆ ಎರಡು, ನಾಲ್ಕು, ಎಂಟು ಎಂದು ಸಂಖ್ಯೆ ಏರಿದಂತೆ ಗಾಳ ಚಿಕ್ಕದಾಗುತ್ತದೆ. 1/0, 2/0 ಎಂದು ಸೊನ್ನೆ ಸೇರಿದ ಸರಣಿಯಲ್ಲಿ ಏರಿದಂತೆ ದೊಡ್ಡದಾಗುತ್ತದೆ. ಕಾವೇರಿಯ ದೊಡ್ಡ ಮೀನಿಗೆ ಬಳಕೆಯಾಗುತ್ತಿದ್ದದ್ದು 6/0ರ ಆಸುಪಾಸಿನದು.

ಮರದ ಅಥವಾ ಪ್ಲಾಸ್ಟಿಕ್ಕಿನ ಮೀನಿನಾಕಾರದ ಎರೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಕೆತ್ತಿದ ಮಾದರಿಯ ಸಂತಾನ ಜಗತ್ತಿನ ಎಲ್ಲ ನದಿಗಳಲ್ಲೂ ಇದೆ, ಕಾವೇರಿಯಲ್ಲೂ ಓಡಾಡಿದೆ. ಅವು ಉತ್ತರದ ಹಗುರ ಮೀನುಗಳಿಗೆ ಹೊಂದುವ ಗಾಳ, ಗಾಳವನ್ನು ಎರೆಗೆ ಸಿಕ್ಕಿಸುವ ಬಳೆಗಳೊಂದಿಗೆ ಬರುತ್ತವೆ. ಇಲ್ಲಿಗೆ ಅವನ್ನು ಕಳಚಿ ಗಟ್ಟಿಯಾದವನ್ನು ಹಾಕಲೇಬೇಕು. ಹಾಕಿದ ಮೇಲೆ ತೂಕ ಹೆಚ್ಚಿ ಎರೆಯ ಓಲಾಟ ಕೆಡುತ್ತದೆ. ಆಗ ಅದು ಅಂಗಡಿಯಲ್ಲಿ ಮೆಚ್ಚಿ ಕೊಂಡ ಎರೆಯೇ ಅಲ್ಲ. ಸ್ಪೂನಿನಲ್ಲಿ ಈ ತೊಂದರೆ ಕಡಿಮೆ. ಆದರೆ ಅದು ತಿರುಗುವುದರಿಂದ ದಾರಕ್ಕೆ ಹುರಿ ಏರುತ್ತದೆ. ಅದನ್ನು ತಡೆಯಲು ಸ್ಪೂನಿಗಿಂತ ಎರಡು ಮೂರು ಅಡಿ ಮೇಲೆ ಒಂದು ಸ್ವಿವೆಲ್ (ತಿರುಗುವ ಕೊಂಡಿ) ಬೇಕು. ಸೀಸ ಹಾಕುವುದಿದ್ದರೆ ಸ್ವಿವೆಲ್‌ನ ಮೇಲ್ಗಡೆಗೆ, ದಾರದ ನೇರಕ್ಕಿಂತ ಕೆಳಗೆ ಜೋಲುವಂತೆ ಹಾಕಬೇಕು. ಜೋಲುವ ಭಾರ ತಾನೂ ತಿರುಗದು, ಮೇಲಿನ ದಾರವನ್ನೂ ತಿರುಗಗೊಡದು.

ಕಾವೇರಿಯ ನಿಜವಾದ ಕೊಡುಗೆ ರಾಗಿ ಉಂಡೆ. ಉತ್ತರದ ನದಿಗಳ ಬಗ್ಗೆ ಬರೆದವರು ಗೋಧಿ ಹಿಟ್ಟನ್ನು ಕಲಸಿ ಗಾಳಕ್ಕೆ ಮೆತ್ತುವುದನ್ನು ವರ್ಣಿಸುತ್ತಾರೆ. ಗೋಧಿಯಲ್ಲಿ ಗ್ಲುಟೆನ್ ಇರುವುದರಿಂದ ನಾದಿದ ಹಸಿ ಕಣಕವೇ ಜಿಗುಟಾಗಿ ನೀರಿನಲ್ಲಿ ನಿಲ್ಲುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಹಸಿ ರಾಗಿ ಉಂಡೆ ಹರಿಯುವ ನೀರಿನಲ್ಲಿ ಕ್ಷಣದಲ್ಲಿ ಕರಗುತ್ತದೆ. ಆದ್ದರಿಂದ ಉಂಡೆ ಕಟ್ಟಿ ಕುದಿಸಬೇಕು. ಬಿಸಿಗೆ ಪಿಷ್ಟ ಊದಿ, ಆರಿದ ಮೇಲೆ ಬಿಗಿದು, ಹೊರಮೈ ರಬ್ಬರಿನಂತಾಗುತ್ತದೆ. ಅಂಥ ಉಂಡೆ ಎಸೆತವನ್ನೂ ಹರಿವನ್ನೂ ಸಣ್ಣ ಮೀನುಗಳ ಕುಟುಕನ್ನೂ ತಡೆದುಕೊಂಡು ದೊಡ್ಡ ಮೀನಿಗಾಗಿ ಉಳಿಯುತ್ತದೆ. ಸಣ್ಣ ಮೀನುಗಳ ಕಾಟ ಹೆಚ್ಚಿದ್ದರೆ ಉಂಡೆಯನ್ನು ದೊಡ್ಡದಾಗಿ, ಗಟ್ಟಿಯಾಗಿ ಕಟ್ಟುವುದುಂಟು. ಹೀಗಾಗಿ ಎರೆಯ ಗಾತ್ರವೇ ಹಿಡಿಯುವ ಮೀನಿನ ಗಾತ್ರವನ್ನು ಆಯ್ದುಕೊಳ್ಳುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಉಂಡೆ ಗಟ್ಟಿಯಾದಷ್ಟೂ ಗಾಳದ ಮೊನೆ ಅದರಿಂದ ಹೊರಬಂದು ಮೀನಿನ ತೊಗಲಿಗೆ ನಾಟುವುದು ಕಷ್ಟವಾಗುತ್ತದೆ. ಗಾಳದ ಬಾಯಿ ಪೂರ್ತಿ ತುಂಬುವಂತೆ ಉಂಡೆ ಕಟ್ಟಬಾರದು, ಮೊನೆ ಹೊರಗೆ ಕಾಣುವಂತಿರಬೇಕು. ಇದೇ ಸಮಸ್ಯೆಗೆ 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಲೆನ್ ಮಿಡ್ಲ್‌ಟನ್, ಕೆವಿನ್ ಮ್ಯಾಡಕ್ಸ್ ಕಂಡುಕೊಂಡ ಉತ್ತರ ಬೇರೆ. ಗಾಳವನ್ನು ಪೂರ್ತಿ ಬರಿದಾಗಿ ಬಿಟ್ಟು, ಉಂಡೆಯನ್ನು ಕೂದಲೆಳೆಯಂಥ ದಾರದಲ್ಲಿ ಅದರ ಪಕ್ಕಕ್ಕೆ ತೂಗಬಿಟ್ಟರು. ಗೆಂಡೆ ಮೀನುಗಳ ಬೇಟೆಯನ್ನು ಇದು ಬದಲಿಸಿತು. ಗಟ್ಟಿ ರಾಗಿ ಉಂಡೆಗೂ ತತ್ತ್ವ ಒಪ್ಪುತ್ತದೆ. ಆದರೆ ಬಂಡೆಯ ತಳದಲ್ಲಿ ಬರಿದಾದ ಮೊನೆ ಬೇಗ ಮೊಂಡಾಗುವುದರಿಂದ ಪ್ರತಿ ಎಸೆತಕ್ಕೂ ಮೊನೆಯನ್ನು ಉಗುರಿನ ಮೇಲೆ ಗೀರಿ ಪರೀಕ್ಷಿಸಬೇಕು.

ದಾರದ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ನೈಲಾನ್ ಬರುವ ಮುನ್ನ ಗಾಳಕ್ಕೆ ಹತ್ತಿರದ ತುಂಡಿಗೆ ರೇಷ್ಮೆಹುಳುವಿನ ಗ್ರಂಥಿಯನ್ನು ಎಳೆದು ಮಾಡಿದ ತಂತು ಬಳಸುತ್ತಿದ್ದರು. ಒಣಗಿದ್ದಾಗ ಅದು ಪಟ್ಟನೆ ಮುರಿಯುವುದರಿಂದ ನೆನೆಸಿಯೇ ಗಂಟು ಹಾಕಬೇಕಿತ್ತು. ಈಗಿನ ಹೆಣೆದ ಪಾಲಿಥಿಲೀನ್ ದಾರ ತೆಳು ಮತ್ತು ಬಲಿಷ್ಠ, ಹರಿವಿನ ಎಳೆತದ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. ಆದರೆ ಬಿಗಿದಿರುವಾಗ ಬಂಡೆಯ ಅಂಚು ತಾಕಿದರೆ ಥಟ್ಟನೆ ಕಡಿದುಹೋಗುತ್ತದೆ. ಅದರ ಮುಂದೆ ಕೆಲವು ಮಾರು ದಪ್ಪ ನೈಲಾನ್ ಅಥವಾ ಫ್ಲೂರೋಕಾರ್ಬನ್ ಜೋಡಿಸುವುದು ಕಾವೇರಿಯಲ್ಲಿ ಅನಿವಾರ್ಯ. ಹೆಣೆದ ದಾರ ನುಣುಪಾದ್ದರಿಂದ ಗಂಟು ಜಾರುತ್ತದೆ. ಗಾಳದ ಕಣ್ಣಿನಲ್ಲಿ ಜೋಡಿ ಎಳೆ ತೂರಿಸಿ, ಕುಣಿಕೆಯ ಮೂಲಕ ಇಡೀ ಗಾಳವನ್ನು ದಾಟಿಸುವ ಪಾಲೋಮಾರ್ ಗಂಟು ಅದಕ್ಕೆ ನಂಬಿಕಸ್ಥ. ಯಾವ ಗಂಟಾದರೂ ಬಿಗಿಯುವ ಮುನ್ನ ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಬೇಕು. ಒಣ ದಾರ ಉಜ್ಜಿ ಬಿಸಿಯಾಗಿ ಅಲ್ಲೇ ಸೊರಗುತ್ತದೆ.

ಇಷ್ಟೆಲ್ಲ ವಿವರ ಏಕೆ ಎಂಬುದಕ್ಕೆ ಈಗ ಬರಬಹುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಾವೇರಿ ಕೊಳ್ಳದಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮೀನು ಇಂದಿಗೂ ದಾಖಲೆ. ಆ ಗಾತ್ರಕ್ಕೆ ಬೆಳೆಯುತ್ತಿದ್ದ ಗೂನುಬೆನ್ನಿನ ಮಹಸೀರ್ ಯಾವ ಪ್ರಭೇದ ಎಂಬುದು ಇತ್ಯರ್ಥವಾದದ್ದು 2018ರಲ್ಲಿ. ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವರ್ಣಿಸಲಾಗಿದ್ದ ಟಾರ್ ರೇಮಾದೇವಿಯೈ ಇದೇ ಎಂದು ಸಂಶೋಧಕರು ತೋರಿಸಿದರು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಕೆಂಪು ಪಟ್ಟಿ ಸೇರಿತು. ಅದು ಕುಸಿಯುತ್ತಿದೆ ಎಂಬುದಕ್ಕೆ ಸಿಕ್ಕ ಮುಖ್ಯ ಆಧಾರವೇ ಹಿಡಿದು ಬಿಡುವ ಬೇಟೆಗಾರರ ದಾಖಲೆ. ಕಾವೇರಿ ದಡದ ಗಾಳಿಬೋರೆ ಬೇಟೆ ಶಿಬಿರದ 1998ರಿಂದ 2012ರವರೆಗಿನ ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಸೀರ್‌ಗಳ ವಿವರವಿತ್ತು. ಆ ಅವಧಿಯಲ್ಲಿ, ಮೀನುಮರಿ ಉತ್ಪಾದನಾ ಕೇಂದ್ರಗಳಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಟಾರ್ ಖುದ್ರಿ ಹೆಚ್ಚುತ್ತಾ ಹೋಗಿತ್ತು, ಗೂನುಬೆನ್ನಿನ ಮೀನು ವಿರಳವಾಗುತ್ತಾ ಬಂದಿತ್ತು.

ಇಂಥ ದಾಖಲೆಯನ್ನು ಓದುವಾಗ ಗಾಳದ ತುದಿಯಲ್ಲಿ ಏನಿತ್ತೆಂಬುದು ಅಂಕಿಅಂಶದಷ್ಟೇ ಮುಖ್ಯ ಎಂಬುದು ನನ್ನ ನಿಲುವು. ತಳದಲ್ಲಿ ನಿಲ್ಲುವ ಗಟ್ಟಿ ರಾಗಿ ಉಂಡೆ ಒಂದು ಗಾತ್ರದ ಮೀನನ್ನು ಆರಿಸುತ್ತದೆ, ನಡುನೀರಿನಲ್ಲಿ ಓಡುವ ಸ್ಪೂನು ಇನ್ನೊಂದನ್ನು. ಒಂದು ವರ್ಷ ರಾಗಿ ಹೆಚ್ಚಾಗಿ, ಮರುವರ್ಷ ಹುಸಿ ಎರೆ ಹೆಚ್ಚಾಗಿ ಬಳಕೆಯಾದರೆ ಗಂಟೆಗೆ ಎಷ್ಟು ಮೀನು ಎಂಬ ಲೆಕ್ಕ ನದಿಯ ಬದಲಾವಣೆಯನ್ನು ತೋರಿಸುತ್ತಿದೆಯೋ ಎರೆಯ ಬದಲಾವಣೆಯನ್ನೋ ಎಂದು ಹೇಳಲಾಗದು. ಎರಡು ಪ್ರಭೇದಗಳ ಊಟದ ಅಭ್ಯಾಸದಲ್ಲಿ ಅಂತರವಿದ್ದರಂತೂ ಇನ್ನೂ ತೊಡಕು. ಮೇಲೆ ಹೇಳಿದ ಕುಸಿತವನ್ನು ನಾನು ಪ್ರಶ್ನಿಸುತ್ತಿಲ್ಲ. ಹದಿನಾಲ್ಕು ವರ್ಷಗಳ ಒಂದೇ ದಿಕ್ಕಿನ ಇಳಿಕೆಯನ್ನು ಎರೆಯ ಬದಲಾವಣೆಯೊಂದರಿಂದ ವಿವರಿಸುವುದು ಸುಲಭವಲ್ಲ. ಹಳೆಯ ದಾಖಲೆಗಳನ್ನು ಇದರ ಜೊತೆ ಹೋಲಿಸಲು ಹೊರಟಾಗ ಮಾತ್ರ ಈ ಕೊರತೆ ಕಾಡುತ್ತದೆ.

ಹೊಸ ದಾಖಲೆ ಆ ನೀರಿನಿಂದ ಬರುವಂತಿಲ್ಲ. ಕಾವೇರಿ ವನ್ಯಜೀವಿಧಾಮದೊಳಗಿನ ಬೇಟೆ ಶಿಬಿರಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯಾನದ ಮೇರೆಗೆ 2010ರ ದಶಕದ ಆರಂಭದಲ್ಲಿ ನಿಂತವು. ಅಲ್ಲಿ ಗಾಳ ಹಾಕುವುದು ಇಂದು ಅಪರಾಧ, ಈ ಟಿಪ್ಪಣಿಯನ್ನು ಅದಕ್ಕೆ ಕೈಪಿಡಿಯಾಗಿ ಯಾರೂ ಓದಬಾರದು. ಉಳಿದಿರುವುದು ಹಳೆಯ ಕಾಗದ ಮತ್ತು ನೆನಪು. ಮೈಸೂರು, ಕೊಳ್ಳೇಗಾಲ, ಕನಕಪುರ, ಬೆಂಗಳೂರುಗಳ ಮನೆಗಳಲ್ಲಿ ಹಳೆಯ ಗಾಳದ ಪೆಟ್ಟಿಗೆ, ಬೇಟೆಯ ದಿನಚರಿ, ಅಂಗಡಿಯ ರಸೀದಿ ಇಟ್ಟುಕೊಂಡವರಿದ್ದರೆ ದಯವಿಟ್ಟು ಎಸೆಯಬೇಡಿ. ಪ್ರತಿ ಮಾಡಿಸಿ ಹತ್ತಿರದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡಿ. ಶಿಬಿರಗಳಲ್ಲಿ ಉಂಡೆ ಕುದಿಸಿ, ಸೀಸ ಸುತ್ತಿ, ಹರಿಗೋಲು ನಡೆಸಿದವರು ಈಗ ವಯಸ್ಸಾದವರು. ಯಾವ ಮಡುವಿಗೆ ಎಷ್ಟು ಸೀಸ, ಯಾವ ತಿಂಗಳಲ್ಲಿ ಯಾವ ಎರೆ ಎಂದು ಅವರನ್ನು ಕೂರಿಸಿ ಕೇಳಿ ಬರೆದುಕೊಳ್ಳುವ ಕೆಲಸವನ್ನು ಮೀನುಗಾರಿಕೆ ಓದುವ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು.